ಎಂಜಿನ್ ಇಳಿಸುವ ಮುನ್ನ

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಹಳೆ ಬಜಾಜ್ ಚೇತಕ್‌ಗೆ ಮೊದಲು ಕೈಕೊಡುವುದು ಕ್ಲಚ್ಚು. ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿದರೂ ಗಾಡಿ ಮುಂದಕ್ಕೆ ಜಿಗಿದು ಬಂದ್ ಆಗುತ್ತದೆ. ಅಪ್ಪನ ಗಾಡಿಗೂ ಹಾಗೇ ಆಯಿತು. ಮೊದಲು ತೋರಿಸಿದ ಗ್ಯಾರೇಜಿನವರು, ‘ಎಂಜಿನ್ ಇಳಿಸಬೇಕು ಸಾರ್, 8,000 ಆಗುತ್ತೆ’ ಎಂದರು. ‘ಮಾರಿದರೂ ಅಷ್ಟು ಬರಲ್ಲ, ಗುಜರಿಗೆ ಹಾಕಿ’ ಎಂದರು ಮನೆಯವರು.

ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಓಡಿಸಲು ಇಟ್ಟುಕೊಂಡ ಗಾಡಿಯ ರಿಪೇರಿ ಖರ್ಚನ್ನು ಅದರ ಮಾರಾಟದ ಬೆಲೆಯೊಂದಿಗೆ ತೂಗಬಾರದು. ಗಾಡಿಯಿಲ್ಲದಿದ್ದರೆ ಮಾರ್ಕೆಟ್ಟಿಗೆ, ಬ್ಯಾಂಕಿಗೆ ಹೋಗಲು ಆಟೋಗೆ ತೆರುವ ದುಡ್ಡಿನೊಂದಿಗೆ ತೂಗಬೇಕು. ಅದಕ್ಕೂ ಮೊದಲು ಕೆಟ್ಟಿರುವುದು ಏನೆಂದು ಗೊತ್ತಾಗಬೇಕು.

ಗೊತ್ತುಮಾಡಿಕೊಳ್ಳಲು ಕಾಸು ಬೇಡ. ಎಂಜಿನ್ ಆಫ್ ಮಾಡಿ ಒಬ್ಬರು ಕ್ಲಚ್ ಒತ್ತಲಿ, ಇನ್ನೊಬ್ಬರು ಬಗ್ಗಿ ಎಂಜಿನ್ ಅಡಿಯಲ್ಲಿ ಕೇಬಲ್ ಸಿಕ್ಕಿಸಿರುವ ಪುಟ್ಟ ಲಿವರನ್ನು ನೋಡಲಿ. ಅದು ಅಲುಗದಿದ್ದರೆ ದೋಷ ಕೇಬಲ್ಲಿನದು. ಅದು ಸರಿಯಾಗಿ ತಿರುಗಿಯೂ ಗೇರಿನಲ್ಲಿ ಗಾಡಿ ತಳ್ಳಲು ಬಾರದಿದ್ದರೆ ಪ್ಲೇಟುಗಳು ಅಂಟಿಕೊಂಡಿವೆ. ನಮ್ಮದು ಎರಡನೆಯದು.

ಚೇತಕ್‌ನ ಕ್ಲಚ್ಚಿನಲ್ಲಿ ಉಕ್ಕಿನ ಪ್ಲೇಟು, ಕಾರ್ಕ್ ಪ್ಲೇಟು ಒಂದರ ಪಕ್ಕ ಒಂದು ಗೇರ್ ಆಯಿಲಿನಲ್ಲಿರುತ್ತವೆ. ತಿಂಗಳುಗಟ್ಟಲೆ ನಿಂತರೆ ಹಳೆ ಆಯಿಲ್ ಜಿಗುಟಾಗಿ, ಸ್ಪ್ರಿಂಗಿನ ಒತ್ತಡಕ್ಕೆ ಕಚ್ಚಿಕೊಳ್ಳುತ್ತವೆ. ಬಿಚ್ಚಲು ಎಂಜಿನ್ ಇಳಿಸಬೇಕಾಗಿಯೇ ಇಲ್ಲ. ನಮ್ಮ ಬೀದಿಯ ಹಿರಿಯ ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿ, ಗಾಡಿಯನ್ನು ಬಲಕ್ಕೆ ಮಲಗಿಸಿ, ಕವರ್ ತೆಗೆದು, ಪೈಪಿನ ತುದಿಗೆ ಅರದಿಂದ ತಾವೇ ಹಲ್ಲು ಮಾಡಿಕೊಂಡಿದ್ದ ಪಾನಾ ಹಾಕಿ ನಟ್ಟು ಸಡಿಲಿಸಿದರು. ತೆಳ್ಳನೆಯ ಸ್ಕ್ರೂಡ್ರೈವರ್ ತೂರಿಸಿದಾಗ ಕಾರ್ಕು ಒಣ ರೊಟ್ಟಿಯಂತೆ ಮುಕ್ಕುಮುಕ್ಕಾಗಿ ಎದ್ದು ಬಂತು. ಹೊಸ ಸೆಟ್ಟನ್ನು ರಾತ್ರಿಯಿಡೀ ಆಯಿಲಿನಲ್ಲಿ ನೆನೆಸಿದ ಮೇಲೆಯೇ ಕೂರಿಸಿದರು. ಒಣಗಿದ ಕಾರ್ಕು ಬೇಗ ಸುಟ್ಟುಹೋಗುತ್ತದಂತೆ. ಪ್ಲೇಟು, ಆಯಿಲ್, ಕೂಲಿ ಸೇರಿ 1,400 ರೂಪಾಯಿ.

ಇಂಥವರ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಪೆಟ್ರೋಲ್ ಚೇತಕ್ ತಯಾರಿಕೆ 2006ರ ಹೊತ್ತಿಗೇ ನಿಂತಿದೆ. ಅದರ ಕೆಲಸ ಬಲ್ಲವರ ಅಂಗಡಿ ತೆರೆದಿದ್ದರಷ್ಟೇ ಈ ಗಾಡಿಗಳು ರಸ್ತೆಯಲ್ಲಿರುತ್ತವೆ.

ಕಾಗದಪತ್ರದ ಖರ್ಚು ಮಾತ್ರ ತಪ್ಪಿದ್ದಲ್ಲ. 20 ವರ್ಷ ದಾಟಿದ ದ್ವಿಚಕ್ರ ವಾಹನದ ಆರ್‌ಸಿ ನವೀಕರಣ ಶುಲ್ಕ 2025ರಲ್ಲಿ 2,000 ರೂಪಾಯಿಗೆ ಏರಿತು. ಐದು ವರ್ಷಕ್ಕೊಮ್ಮೆ ಕಟ್ಟಬೇಕು. ಥರ್ಡ್ ಪಾರ್ಟಿ ವಿಮೆ 2022ರ ದರದಂತೆ ವರ್ಷಕ್ಕೆ 714 ರೂಪಾಯಿ, ಜಿಎಸ್‌ಟಿ ಬೇರೆ. ಇವಕ್ಕೆಂದೇ ತಿಂಗಳಿಗೆ 150 ರೂಪಾಯಿ ಎತ್ತಿಡುತ್ತೇನೆ. ಇನ್ನು ಕ್ಲಚ್ಚಿಗೆ ಬೇಕಾದದ್ದು ವಾರಕ್ಕೊಂದು ಸುತ್ತು, ನಾಲ್ಕೂ ಗೇರಿನಲ್ಲಿ. ಬಹಳ ದಿನ ನಿಲ್ಲಿಸಲೇಬೇಕಾದರೆ ಕ್ಲಚ್ ಲಿವರನ್ನು ಹ್ಯಾಂಡಲಿಗೆ ಒತ್ತಿ ಹಗ್ಗದಿಂದ ಕಟ್ಟಿಡಿ, ಪ್ಲೇಟುಗಳು ಬಿಡಿಬಿಡಿಯಾಗಿರುತ್ತವೆ.