ಬ್ಯಾಟರಿ ಕೆಟ್ಟಿತೋ, ಡೈನಮೋ ಕೆಟ್ಟಿತೋ?



ಸುಗ್ಗಿ ಬಂತೆಂದರೆ ಅಕ್ಕಿಆಲೂರು–ಹಾನಗಲ್ಲ ರಸ್ತೆಯಲ್ಲಿ ಭತ್ತ, ಗೋವಿನಜೋಳ ಹೇರಿದ ಟ್ರ್ಯಾಕ್ಟರುಗಳು ರಾತ್ರಿಯೂ ಓಡಾಡುತ್ತವೆ. ಹಳೇ ಗಾಡಿಯ ದೀಪ ಮಂದವಾದರೆ “ಬ್ಯಾಟರಿ ಹೋಗೇತಿ, ಹೊಸಾದು ತರೋಣು” ಎನ್ನುವವರೇ ಹೆಚ್ಚು. ಸಾಲ ಮಾಡಿ ತಂದ ಹೊಸ ಬ್ಯಾಟರಿಯೂ ನಾಲ್ಕು ದಿನಕ್ಕೆ ಇಳಿದರೆ ಏನು ಮಾಡುವುದು? ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಖರ್ಚು.

ಡೈನಮೋ ಎಂದರೇನು?
ಅಯಸ್ಕಾಂತದ ನಡುವೆ ತಂತಿಸುರುಳಿ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ. ಈ ತತ್ವವನ್ನು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟನು. ಇಂಜಿನ್ನಿನ ಬೆಲ್ಟು ಡೈನಮೋದೊಳಗಿನ ಆರ್ಮೇಚರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತನ್ನು ಕಾರ್ಬನ್ ಬುರುಸುಗಳು ಹೊರಗೆ ತರುತ್ತವೆ. ನಡುವೆ ಕಟೌಟ್ ಡಬ್ಬಿ ಇರುತ್ತದೆ. ಪಂಪಿನ ಫುಟ್‌ವಾಲ್ವ್ ನೀರನ್ನು ಹಿಂದಕ್ಕೆ ಬಿಡದಂತೆ, ಕಟೌಟು ಬ್ಯಾಟರಿಯ ವಿದ್ಯುತ್ತನ್ನು ಡೈನಮೋಕ್ಕೆ ಮರಳಲು ಬಿಡುವುದಿಲ್ಲ.

ಪರೀಕ್ಷೆಯ ಕ್ರಮ (12 ವೋಲ್ಟಿನ ಗಾಡಿ)
1. ಇಂಜಿನ್ ಬಂದ್ ಮಾಡಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿರಿ. ಸುಮಾರು ಅರ್ಧ ಇಂಚು ಬಗ್ಗಬೇಕು. ಜೋತು ಬಿದ್ದಿದ್ದರೆ ಬಿಗಿಮಾಡಿಸಿ.
2. ಬ್ಯಾಟರಿಯ ತುದಿಗಳಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ತೆಗೆಸಿ. ಅರ್ಥ್ ತಂತಿ ಬಿಗಿಯಾಗಿರಲಿ.
3. ಹೆಡ್‌ಲೈಟ್ ಹಚ್ಚಿ ಇಂಜಿನ್ ಜೋರು ಮಾಡಿದಾಗ ಆಂಪ್ ಮೀಟರಿನ ಮುಳ್ಳು ಮೈನಸ್ ಕಡೆಗೇ ನಿಂತರೆ ಚಾರ್ಜ್ ಆಗುತ್ತಿಲ್ಲ.
4. ಈಗ ಮುಖ್ಯ ಪರೀಕ್ಷೆ. ಇದನ್ನು ಮಿಸ್ತ್ರಿ ಮಾಡಬೇಕು, ನಾವು ನೋಡಬೇಕು. ಡೈನಮೋದ ‘ಡಿ’ ಮತ್ತು ‘ಎಫ್’ ತಂತಿಗಳನ್ನು ಬಿಚ್ಚಿ, ಆ ಎರಡು ಮೊಳೆಗಳನ್ನು ತುಂಡು ತಂತಿಯಿಂದ ಕೂಡಿಸುತ್ತಾರೆ. ವೋಲ್ಟ್ ಮೀಟರಿನ ಒಂದು ತಂತಿ ಅಲ್ಲಿಗೆ, ಇನ್ನೊಂದು ಡೈನಮೋದ ಮೈಗೆ. ಇಂಜಿನ್ ವೇಗವನ್ನು ನಿಧಾನ ಏರಿಸುತ್ತಾರೆ. 20 ವೋಲ್ಟ್ ದಾಟಿಸಬಾರದು.

ಮೀಟರ್ ಹೇಳುವುದು
• ಸರಾಗವಾಗಿ ಏರಿದರೆ: ಡೈನಮೋ ಚಲೋ ಐತಿ. ದೋಷ ಕಟೌಟಿನಲ್ಲಿ ಅಥವಾ ತಂತಿಯಲ್ಲಿ.
• ಏನೂ ಇಲ್ಲದಿದ್ದರೆ: ಬುರುಸು ಸವೆದಿರಬಹುದು, ಸಿಕ್ಕಿಕೊಂಡಿರಬಹುದು.
• ಸುಮಾರು 1 ವೋಲ್ಟ್: ಫೀಲ್ಡ್ ಸುರುಳಿಯ ದೋಷ.
• 4–5 ವೋಲ್ಟ್: ಆರ್ಮೇಚರಿನ ದೋಷ.

ಸವೆದ ಬುರುಸಿನ ಬೆಲೆ ಎಲ್ಲಿ, ಹೊಸ ಬ್ಯಾಟರಿಯ ಬೆಲೆ ಎಲ್ಲಿ!

ಎಚ್ಚರಿಕೆ
ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಬರುತ್ತದೆ. ಬೀಡಿ, ಕಡ್ಡಿ ದೂರವಿರಲಿ. ತಿರುಗುವ ಬೆಲ್ಟಿನ ಹತ್ತಿರ ಧೋತರದ ಚುಂಗು, ದುಪಟ್ಟಾ ಹೋಗಬಾರದು. ಆಲ್ಟರ್ನೇಟರ್ ಇರುವ ಹೊಸ ಗಾಡಿಗೆ 4ನೆಯ ಪರೀಕ್ಷೆ ಮಾಡಲೇಬಾರದು; ಅದು ಸುಟ್ಟುಹೋದೀತು.

ದೀಪವಿಲ್ಲದ ಟ್ರೇಲರ್ ಕತ್ತಲಲ್ಲಿ ಹಿಂದಿನಿಂದ ಬರುವ ಸೈಕಲ್ಲಿನವರಿಗೆ ಕಾಣುವುದಿಲ್ಲ. ಆದ್ದರಿಂದ ಇದು ರೊಕ್ಕದ ಮಾತಷ್ಟೇ ಅಲ್ಲ, ಜೀವದ ಮಾತು. ಇಂದು ಮನೆಯಲ್ಲಿ ಹೇಳಿರಿ: “ಅಪ್ಪಾ, ಬ್ಯಾಟರಿ ತರೂ ಮೊದಲು ಡೈನಮೋ ನೋಡಸ್ರಿ.”

ಉತ್ತರಿಸಿರಿ: ಕಟೌಟಿನ ಸಂಪರ್ಕ ಅಂಟಿಕೊಂಡರೆ, ನಿಂತ ಗಾಡಿಯ ಬ್ಯಾಟರಿ ರಾತ್ರಿಯಲ್ಲಿ ಏಕೆ ಇಳಿಯುತ್ತದೆ?