ಎರಡು ಕಡೆ ಸೀಟು ದೊರೆತಾಗ

ದ್ವಿತೀಯ ಪಿ.ಯು.ಸಿ. ಮುಗಿಸಿದ ಮಗುವಿಗೆ ಎಲ್ಲಿಯೂ ಸೀಟು ದೊರೆಯದಿದ್ದರೆ ಮನೆಯವರು ಚಿಂತಿಸುವುದು ಸಹಜ. ಎರಡು ಕಡೆ ದೊರೆತರೂ ಚಿಂತೆ ತಪ್ಪುವುದಿಲ್ಲವೆಂಬುದನ್ನು ಅನುಭವಿಸಿದವರೇ ಬಲ್ಲರು. ಓದಿದವರ ಮನೆಗಳಲ್ಲಿ ಇಂಥ ಸಮಯಕ್ಕೆ ಕೇಳಲು ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಇರುತ್ತಾರೆ. ಕಾಲೇಜಿನ ಮೆಟ್ಟಿಲನ್ನು ಈಗತಾನೆ ಹತ್ತುತ್ತಿರುವ ಮನೆಗಳು ನಮ್ಮ ಸಕಲೇಶಪುರ, ಆಲೂರು ಸೀಮೆಯ ಗುಡ್ಡದೂರುಗಳಲ್ಲಿ ಬಹಳ. ಅಲ್ಲಿ ಒಂದೆರಡು ವರ್ಷ ಮುಂಚೆ ಕಾಲೇಜಿಗೆ ಹೋದ ಅಕ್ಕನೋ ಅಣ್ಣನೋ ಆ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಹಾಗೆ ನಿಂತವರು ಏನನ್ನು ವಿಚಾರಿಸಬೇಕು, ಯಾವ ಮಾತನ್ನು ಆಡಬಾರದು ಎಂಬುದನ್ನು ನನಗೆ ತಿಳಿದಷ್ಟು ಬರೆಯುವುದೇ ಈ ಲೇಖನದ ಉದ್ದೇಶ.

ಕಳೆದ ಮಳೆಗಾಲದಲ್ಲಿ ಈ ಪರೀಕ್ಷೆ ನನಗೇ ಬಂದಿತು. ಸರ್ಕಾರಿ ಪಿ.ಯು. ಕಾಲೇಜಿನಲ್ಲಿ ವಿಜ್ಞಾನ ಓದಿದ ನನ್ನ ತಂಗಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಂಚಿಕೆಯಲ್ಲಿ ಹಾಸನದ ಕಾರೇಕೆರೆ ಕೃಷಿ ಕಾಲೇಜಿನ ಬಿ.ಎಸ್ಸಿ. (ಕೃಷಿ) ಸೀಟು ದೊರೆಯಿತು. ಅದೇ ವಾರ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾನಿಲಯದಿಂದ ಕಂಪ್ಯೂಟರ್ ಸೈನ್ಸ್ ಬಿ.ಟೆಕ್. ತರಗತಿಗೆ ಪ್ರವೇಶ ಪತ್ರ ಬಂದಿತು; ಮೊದಲ ವರ್ಷದ ಶುಲ್ಕದಲ್ಲಿ ಅರ್ಧ ರಿಯಾಯಿತಿ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಎರಡಕ್ಕೂ ಉತ್ತರ ಕೊಡಲು ಇದ್ದ ಕಾಲ ಕೆಲವೇ ದಿನ. ಅಪ್ಪ ಎರಡು ಕಾಗದಗಳನ್ನೂ ನನ್ನ ಮುಂದಿಟ್ಟು, “ಕಾಲೇಜು ಕಂಡವಳು ನೀನು, ನೀನೇ ಹೇಳವ್ವ” ಎಂದರು. ನಾನು ಹಿಂದುಮುಂದು ನೋಡದೆ “ಬೆಂಗಳೂರು” ಎಂದುಬಿಟ್ಟೆ. ತಂಗಿ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಪಾತ್ರೆ ತೊಳೆಯುತ್ತಾ, “ಅಕ್ಕ, ಬೆಂಗಳೂರಿಗೆ ಹೋಗಬೇಕು ಅಂತ ಇದ್ದವಳು ನೀನು” ಎಂದಳು.

ಅವಳ ಮಾತು ನಿಜವಾಗಿತ್ತು. ನನ್ನ ಕಾಲಕ್ಕೆ ನನ್ನನ್ನು ಯಾರೂ ಕೇಳಲಿಲ್ಲ. ಹತ್ತಿರದ ಕಾಲೇಜು, ಕಡಮೆ ಶುಲ್ಕ ಎಂದು ಸೇರಿದೆ. ಓದು ಈಗ ಇಷ್ಟವಾಗಿದೆ; ಆದರೆ ಅಂದು ಯಾರೂ ಕೇಳಲಿಲ್ಲವೆಂಬ ಕೊರತೆ ಉಳಿದಿದೆ. ನಾನು ತಂಗಿಗೂ ಅದನ್ನೇ ಮಾಡಹೊರಟಿದ್ದೆ. ಆದುದರಿಂದ ಮೊದಲನೆಯ ಪಾಠವಿದು: ಸಲಹೆ ಕೊಡುವವರು ತಮ್ಮ ಆಸೆಯನ್ನು ಮೊದಲು ಪಕ್ಕಕ್ಕಿಟ್ಟುಕೊಳ್ಳಬೇಕು. ಹಿರಿಯರು ಬಾಯಿ ತೆರೆಯುವ ಮುನ್ನ ಓದುವ ಮಗುವೇ ಮೊದಲು ಹೇಳಬೇಕು.

ಹಾಗೆಂದು “ನಿನಗೆ ಯಾವುದು ಬೇಕು?” ಎಂದು ಬರಿದೇ ಕೇಳಿದರೆ ಹದಿನೇಳು ಹದಿನೆಂಟರ ಮಗು ಗೆಳೆಯರು ಹೇಳಿದ್ದನ್ನೇ ಹೇಳೀತು. “ಎರಡನೆಯ ವರ್ಷದ ಒಂದು ಸಾಧಾರಣ ದಿನ ನೀನು ಏನು ಮಾಡುತ್ತಿರುವೆ?” ಎಂದು ಕೇಳುವುದು ಮೇಲು. ಬಿ.ಎಸ್ಸಿ. (ಕೃಷಿ) ನಾಲ್ಕು ವರ್ಷದ ವ್ಯಾಸಂಗ. ಮಣ್ಣು, ಬೀಜ, ಕೀಟ, ರೋಗ, ಕೃಷಿ ಅರ್ಥಶಾಸ್ತ್ರ ಇವು ಅಲ್ಲಿಯ ವಿಷಯಗಳು. ತರಗತಿಯಷ್ಟೇ ಹೊಲವೂ ಮುಖ್ಯ. ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿಯೇ ನೆಲಸಿ ರೈತರೊಡನೆ ಕೆಲಸ ಮಾಡುವ ಗ್ರಾಮೀಣ ಕಾರ್ಯಾನುಭವವೂ ಉಂಟು. ಕಂಪ್ಯೂಟರ್ ಸೈನ್ಸ್ ಕೂಡ ನಾಲ್ಕು ವರ್ಷದ್ದೇ. ಗಣಿತ ಬಿಡದೆ ಬೆನ್ನು ಹತ್ತಿರುತ್ತದೆ, ಒಂದು ತಪ್ಪನ್ನು ಹುಡುಕುತ್ತ ಗಂಟೆಗಟ್ಟಲೆ ಯಂತ್ರದ ಮುಂದೆ ಕೂರುವ ತಾಳ್ಮೆ ಬೇಕು. ಎರಡೂ ಕಡೆ ಪಾಠ ಇಂಗ್ಲಿಷಿನಲ್ಲಿಯೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಎಲ್ಲಿಯಾದರೂ ಕಷ್ಟವೇ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಸಾಧ್ಯವಾದರೆ ಎರಡೂ ಕಡೆ ಈಗ ಓದುತ್ತಿರುವ ಒಬ್ಬೊಬ್ಬರೊಡನೆ ಮಗುವೇ ಮಾತನಾಡಲಿ.

ಎರಡನೆಯದಾಗಿ, ಪದವಿ ಪತ್ರದ ಮೇಲೆ ಯಾರ ಹೆಸರು ಇರುವುದೆಂದು ವಿಚಾರಿಸತಕ್ಕದ್ದು. ಖಾಸಗಿ ವಿಶ್ವವಿದ್ಯಾನಿಲಯವಾದರೆ ಅದು ಯು.ಜಿ.ಸಿ.ಯ ಪಟ್ಟಿಯಲ್ಲಿ ಉಂಟೇ ಎಂದು ನೋಡಬೇಕು. ತಾಂತ್ರಿಕ ಶಿಕ್ಷಣಕ್ಕೆ ಎ.ಐ.ಸಿ.ಟಿ.ಇ., ಕೃಷಿ ಶಿಕ್ಷಣಕ್ಕೆ ಐ.ಸಿ.ಎ.ಆರ್. ಮಾನ್ಯತೆಯ ವಿಚಾರವನ್ನೂ ಕೇಳಬೇಕು, 2024–25ರಿಂದ ಬಿ.ಸಿ.ಎ., ಬಿ.ಬಿ.ಎ. ತರಗತಿಗಳೂ ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿವೆ. ಸರ್ಕಾರಿ ವಿಶ್ವವಿದ್ಯಾನಿಲಯವೆಂದು ಕಣ್ಣು ಮುಚ್ಚಿ ಕೂರುವಂತೆಯೂ ಇಲ್ಲ. ಹಾಸನ ಜಿಲ್ಲೆಯ ಪದವಿ ಕಾಲೇಜುಗಳು ಬಹುಕಾಲ 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು; ಬಳಿಕ ಹಾಸನಕ್ಕೇ ಒಂದು ವಿಶ್ವವಿದ್ಯಾನಿಲಯವಾಯಿತು; 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಅದೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ವಿಚಾರವನ್ನು ಮುಂದಿಟ್ಟಿತು. ಬಿ.ಎ., ಬಿ.ಎಸ್ಸಿ. ಪದವಿಗಳು 2021ರಲ್ಲಿ ನಾಲ್ಕು ವರ್ಷದ ಕ್ರಮಕ್ಕೆ ಹೋಗಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದವು. ಇದನ್ನು ಹೇಳುವುದು ಹೆದರಿಸಲೆಂದಲ್ಲ. ಓದಿನ ನಡುವೆ ನಿಯಮಗಳು ಬದಲಾಗುವುದುಂಟು. ಸೇರುವ ವರ್ಷದ ನಿಯಮವನ್ನು ಕಾಗದದಲ್ಲಿ ಪಡೆದಿಟ್ಟುಕೊಳ್ಳುವುದು ಜಾಣತನ.

ಮೂರನೆಯದು ಹಣದ ವಿಚಾರ. ನಮ್ಮ ಮನೆಗಳಲ್ಲಿ ಮೊದಲ ವರ್ಷದ ಶುಲ್ಕ ಒದಗಿದರೆ ಸಾಕು, ಮುಂದಿನದನ್ನು ದೇವರು ನೋಡಿಕೊಳ್ಳುತ್ತಾನೆ ಎನ್ನುವುದುಂಟು. ಲೆಕ್ಕ ಮಾಡಬೇಕಾದದ್ದು ಕೊನೆಯ ವರ್ಷದವರೆಗೆ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ವರ್ಷದ ಶುಲ್ಕ 1,20,000 ರೂಪಾಯಿ, ಮೊದಲ ವರ್ಷ ಅರ್ಧ ರಿಯಾಯಿತಿ, ವಸತಿ ಊಟಕ್ಕೆ ವರ್ಷಕ್ಕೆ 80,000 ರೂಪಾಯಿ ಎಂದುಕೊಳ್ಳಿ. ಪತ್ರದಲ್ಲಿ ಕಣ್ಣಿಗೆ ಬೀಳುವುದು 60,000. ರಿಯಾಯಿತಿ ಮೊದಲ ವರ್ಷಕ್ಕೆ ಮಾತ್ರವಾದರೆ ನಾಲ್ಕು ವರ್ಷದ ಶುಲ್ಕ 4,20,000, ವಸತಿ 3,20,000, ಒಟ್ಟು 7,40,000. ರಿಯಾಯಿತಿ ನಾಲ್ಕು ವರ್ಷವೂ ಇದ್ದರೆ ಒಟ್ಟು 5,60,000. ಹೀಗೆ “ಈ ರಿಯಾಯಿತಿ ಪ್ರತಿ ವರ್ಷವೂ ಉಂಟೇ? ಅಂಕ ಕಡಮೆಯಾದರೆ ನಿಲ್ಲುವುದೇ?” ಎಂಬ ಒಂದು ಪ್ರಶ್ನೆಯ ಬೆಲೆ 1,80,000 ರೂಪಾಯಿ. ಈ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡಬಾರದು. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಲೂ ಬಾರದು. ಇದೇ ಲೆಕ್ಕವನ್ನು ಇನ್ನೊಂದು ಸೀಟಿಗೂ ಹಾಕಿ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿಡಬೇಕು.

ಕಾಫಿ ಸೀಮೆಯವರು ನೆನೆಯಬೇಕಾದದ್ದು ಇನ್ನೊಂದುಂಟು. ಅರೇಬಿಕಾ ಕುಯ್ಲು ನವೆಂಬರಿನಿಂದ, ರೊಬಸ್ಟಾ ಕುಯ್ಲು ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ. ಮನೆಗೆ ಹಣ ಬರುವುದು ಆಗ. ಕಾಲೇಜುಗಳು ಶುಲ್ಕ ಕೇಳುವುದು ಜುಲೈ ಆಗಸ್ಟಿನಲ್ಲಿ, ಕೈ ಬರಿದಾಗಿರುವ ಮಳೆಗಾಲದಲ್ಲಿ. ಆ ಅಂತರವನ್ನು ತುಂಬಲು ಬೆಳೆಯ ಮೇಲೆ ಕೈಸಾಲ ಮಾಡಿದರೆ ಅದರ ಬಡ್ಡಿಯೂ ಓದಿನ ಖರ್ಚೇ. 2024–25ರಲ್ಲಿ ಕಾಫಿಯ ಬೆಲೆ ಬಹಳ ಏರಿತು. ಆದರೆ ಹೂಮಳೆ ತಪ್ಪಿದರೆ ಬೆಲೆಯಿದ್ದೂ ಬೆಳೆಯಿರುವುದಿಲ್ಲ. ಒಂದು ಒಳ್ಳೆಯ ವರ್ಷವನ್ನು ನಂಬಿ ನಾಲ್ಕು ವರ್ಷದ ಹೊರೆ ಹೊರಬಾರದು. ಬ್ಯಾಂಕಿನ ಶಿಕ್ಷಣ ಸಾಲವನ್ನು ಸಾಮಾನ್ಯವಾಗಿ ವ್ಯಾಸಂಗ ಮುಗಿದು ಒಂದು ವರ್ಷದ ಬಳಿಕ ತೀರಿಸತೊಡಗಬಹುದಾದರೂ ಬಡ್ಡಿಯ ಲೆಕ್ಕ ಹಣ ಪಡೆದಂದಿನಿಂದಲೇ ನಡೆಯುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯು ಅದರ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಆದುದರಿಂದ ಸೇರುವ ಕಾಲೇಜು ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಬೇಕು. ಸರ್ಕಾರಿ ಶಾಲೆ ಮತ್ತು ಸರ್ಕಾರಿ ಪಿ.ಯು. ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ 2025–26ರಿಂದ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಇಂಥವುಗಳಿಗೆ ಅರ್ಜಿಯ ಕಡೆಯ ದಿನ ತಪ್ಪಬಾರದು.

ನಾಲ್ಕನೆಯದು ದಾರಿ ಮತ್ತು ವಸತಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಹೀಗಿರಲಾಗಿ ಮನೆಯಿಂದಲೇ ಹೋಗಿಬರಬಹುದೆಂದು ತೋರುವುದು. ಆದರೆ ದೂರವಿರುವುದು ಊರಿನ ಬಸ್ಸು ನಿಲ್ದಾಣದಿಂದಲ್ಲ, ನಮ್ಮ ಮನೆಯ ಬಾಗಿಲಿನಿಂದ. ನಸುಕಿನಲ್ಲಿ ತೋಟದ ದಾರಿ ನಡೆದು ಬಸ್ಸು ಹಿಡಿಯಬೇಕು. ಆನೆ ಬಂದಿದೆಯೆಂಬ ಸುದ್ದಿ ಇದ್ದ ದಿನ ನಡೆಯುವಂತಿಲ್ಲ. ಸಂಜೆ ಕತ್ತಲಾದ ಮೇಲೆ ಮರಳುವುದೂ ಹಾಗೆಯೇ. ಹತ್ತಿರದ ಕಾಲೇಜೆಂದು ಸೇರಿ ಹಾಜರಿ ಸಾಲದೆ ಕಷ್ಟಕ್ಕೆ ಸಿಕ್ಕುವುದಕ್ಕಿಂತ ಹಾಸ್ಟೆಲಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸುವುದು ಲೇಸು. ಕಾಲೇಜಿನ ಹಾಸ್ಟೆಲ್ಲಲ್ಲದೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳೂ ಉಂಟು. ಬೆಂಗಳೂರಾದರೆ ದಾರಿ ಸುಮಾರು 220 ಕಿಲೋಮೀಟರು. ಮನೆಯಲ್ಲಿ ಕಾಯಿಲೆಯಾದರೆ ಬಂದುಹೋಗುವುದು ಹೇಗೆ ಎಂದೂ ಯೋಚಿಸಿರಬೇಕು.

ಐದನೆಯದಾಗಿ, ದಿನಾಂಕಗಳು. ಪರೀಕ್ಷಾ ಪ್ರಾಧಿಕಾರದ ಹಂಚಿಕೆಯ ಬಳಿಕ ಅಭ್ಯರ್ಥಿಯ ಮುಂದೆ ಆಯ್ಕೆಗಳಿರುತ್ತವೆ. ಈ ಸೀಟೇ ಸಾಕು ಎನ್ನುವುದು ಒಂದು; ಇದು ಇರಲಿ, ಇದಕ್ಕಿಂತ ಮೇಲೆ ಬರೆದದ್ದು ಮುಂದಿನ ಸುತ್ತಿನಲ್ಲಿ ಬಂದರೆ ಅದನ್ನು ಹಿಡಿಯುವೆ ಎನ್ನುವುದು ಇನ್ನೊಂದು; ಇದು ಬೇಡ, ಮುಂದಿನ ಸುತ್ತಿಗೆ ಕಾಯುವೆ ಎನ್ನುವುದು ಮತ್ತೊಂದು; ಏನೂ ಬೇಡವೆಂದು ಹೊರಗೆ ಬರುವುದು ಕೊನೆಯದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವನ್ನು ತಿಳಿಯದೆ ಗುಂಡಿ ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಆ ವರ್ಷದ ಸೂಚನೆಗಳನ್ನು ಓದದೆ, ಸೈಬರ್ ಅಂಗಡಿಯವರ ಮಾತನ್ನೇ ನಂಬಿ ಇದನ್ನು ಮಾಡಕೂಡದು. ನಮ್ಮ ಕಡೆ ಈ ಕೆಲಸ ಬೀಳುವುದು ಬಿರುಮಳೆಯಲ್ಲಿ. 2018 ಮತ್ತು 2024ರ ಮಳೆಗಾಲಗಳಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಕಟ್ಟಿತ್ತು. ಕರೆಂಟೂ ಸಿಗ್ನಲ್ಲೂ ಇದ್ದ ಮೊದಲ ದಿನವೇ ಕೆಲಸ ಮುಗಿಸಬೇಕು, ಕಡೆಯ ದಿನಕ್ಕೆ ಇಡಬಾರದು. ಒಂದು ಕಡೆ ಹಣ ಕಟ್ಟಿ ಬಳಿಕ ಮನಸ್ಸು ಬದಲಾದರೆ ಎಲ್ಲವೂ ಮುಳುಗಿತೆಂದಲ್ಲ. ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಹಿಡಿದಿಟ್ಟುಕೊಳ್ಳಬಾರದೆಂದು ಯು.ಜಿ.ಸಿ. 2018ರಲ್ಲಿಯೇ ತಿಳಿಸಿದೆ. 2024–25ರಲ್ಲಿ ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿಸಿದವರಿಗೆ ಪೂರ್ತಿ ಶುಲ್ಕ ಮರಳಿಸಬೇಕೆಂದೂ ಅದು ವಿಧಿಸಿತ್ತು. ಆಯಾ ವರ್ಷದ ದಿನಾಂಕವನ್ನು ನೋಡಿಕೊಳ್ಳಬೇಕು.

ಇನ್ನು, ಯಾವುದರಿಂದ ಕೆಲಸ ಸಿಗುವುದು ಎಂಬ ಪ್ರಶ್ನೆ. ಕೃಷಿ ಪದವೀಧರರಿಗೆ ಕೃಷಿ ಇಲಾಖೆಯ ಅಧಿಕಾರಿ ಹುದ್ದೆ, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆ, ಬೀಜ ಗೊಬ್ಬರದ ಕಂಪೆನಿಗಳು, ಸಂಶೋಧನೆ ಮುಂತಾದ ದಾರಿಗಳುಂಟು. ಸರ್ಕಾರಿ ಹುದ್ದೆಗೆ ಪರೀಕ್ಷೆಯೂ ಕಾಯುವಿಕೆಯೂ ತಪ್ಪದು. ಕಂಪ್ಯೂಟರ್ ಓದಿದವರಿಗೆ ಬೇಗ ಸಂಬಳ ಬರುವ ಸಂಭವವೂ ಉಂಟು, ಏರಿಳಿತವೂ ಉಂಟು. ನಾಲ್ಕು ವರ್ಷದ ಮುಂದಿನದನ್ನು ಬಲ್ಲೆನೆಂದು ಹೇಳುವವರ ಮಾತನ್ನು ಪೂರ್ತಿ ನಂಬಬಾರದು. ಒಂದಂತೂ ನಿಜ: ನಡುವೆ ಬಿಟ್ಟ ದೊಡ್ಡ ಓದಿಗಿಂತ ಮುಗಿಸಿದ ಓದು ಕೈಹಿಡಿಯುತ್ತದೆ. ಸೇರುವುದು ಒಂದು ದಿನದ ಕೆಲಸ, ಮುಗಿಸುವುದು ನಾಲ್ಕು ವರ್ಷದ್ದು. ಮನಸ್ಸೂ ಮನೆಯೂ ಕೊನೆಯ ವರ್ಷದವರೆಗೆ ತಾಳಬಲ್ಲ ಸೀಟು ಯಾವುದೋ ಅದೇ ಒಳ್ಳೆಯ ಸೀಟು.

ತಂಗಿಯ ಮಾತಿನ ಬಳಿಕ ನಾವಿಬ್ಬರೂ ಒಂದು ಹಾಳೆಯ ನಡುವೆ ಗೆರೆ ಎಳೆದು ಮೇಲಿನದನ್ನೆಲ್ಲ ಎರಡು ಸಾಲಿನಲ್ಲಿ ಬರೆದೆವು. ಅಪ್ಪ ಅವ್ವನಿಗೆ ಓದಿ ಹೇಳಿದೆವು. ಬಳಿಕ ತಂಗಿಯನ್ನು ಕೇಳಿದೆ. ಅವಳು ಖರ್ಚಿನ ಮಾತನ್ನಾಗಲಿ ದೂರದ ಮಾತನ್ನಾಗಲಿ ಎತ್ತಲಿಲ್ಲ. “ಪ್ರತಿ ವರ್ಷ ಅಪ್ಪ ಬೋರರ್ ಹಿಡಿದ ಗಿಡ ಕಿತ್ತು ಸುಡ್ತಾರೆ. ಹುಳ ಹೊಕ್ಕಿದ್ದು ಮೊದಲೇ ಯಾಕೆ ಗೊತ್ತಾಗಲ್ಲ ಅಂತ ನನಗೆ ತಿಳೀಬೇಕು” ಎಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದನ್ನೇ ಓದವ್ವ” ಎಂದರು. ಅವಳು ಈಗ ಕಾರೇಕೆರೆಯಲ್ಲಿ ಓದುತ್ತಿದ್ದಾಳೆ.

ಎಲ್ಲರೂ ಕೃಷಿಯನ್ನೇ ಓದಲಿ ಎಂಬುದು ನನ್ನ ಅಭಿಪ್ರಾಯವಲ್ಲ. ಪಕ್ಕದೂರಿನ ಹುಡುಗನೊಬ್ಬ ಇಂಥದೇ ಹಾಳೆ ಬರೆದು ಬೆಂಗಳೂರಿನ ಕಂಪ್ಯೂಟರ್ ಸೀಟನ್ನೇ ಆರಿಸಿಕೊಂಡ. ರಿಯಾಯಿತಿ ಅವನಿಗೆ ನಾಲ್ಕು ವರ್ಷವೂ ಇತ್ತು, ಗಣಿತ ಅವನಿಗೆ ಆಟವಿದ್ದಂತೆ. ಅವನ ತೀರ್ಮಾನವೂ ಸರಿಯೆ. ಉತ್ತರ ಬೇರೆಯಾಗಬಹುದು, ಕೇಳಬೇಕಾದ ಪ್ರಶ್ನೆಗಳು ಒಂದೇ. ನಮ್ಮ ಕಾಲೇಜಿನ ಮಿತ್ರರಲ್ಲಿ ಅನೇಕರ ಮನೆಯಲ್ಲಿ ಬರುವ ಮಳೆಗಾಲಕ್ಕೆ ತಮ್ಮನೋ ತಂಗಿಯೋ ಎರಡು ಕಾಗದಗಳನ್ನು ಹಿಡಿದು ನಿಲ್ಲಬಹುದು. ಆಗ ಉತ್ತರ ಹೇಳುವ ಮುನ್ನ ಒಂದು ಹಾಳೆಯನ್ನೂ ಪೆನ್ನನ್ನೂ ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತರೆ ಅಕ್ಕ ಅಣ್ಣಂದಿರು ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ಮುಗಿದಂತೆ.