ಕಂಪ್ಯೂಟರಿನ ಪ್ರಯೋಗದ ತಾಕು

ಸದಸ್ಯ ರೈತ ಬಾಂಧವರೇ, ಹೊಸ ತಳಿಯ ಕಬ್ಬನ್ನು ತಾವು ಮೊದಲು ನಾಲ್ಕು ಸಾಲು ಹಚ್ಚಿ ನೋಡುತ್ತೀರಿ. ಬಿಲ್ಲಿನ ಲೆಕ್ಕದ ಕ್ರಮ ಬದಲಿಸುವಾಗ ಕಂಪ್ಯೂಟರಿನಲ್ಲಿಯೂ ಹೀಗೆಯೇ. ಪ್ರಯೋಗದ ಯಂತ್ರದಲ್ಲಿಯ ಹಳೆಯ ಮಾಹಿತಿ ತೆಗೆದು, ನಿಜ ದಫ್ತರದ ಬ್ಯಾಕಪ್ ಪ್ರತಿಯನ್ನು ಅಲ್ಲಿಗೆ ಇಳಿಸಿ, ಹೊಸ ಲೆಕ್ಕ ಪರೀಕ್ಷಿಸುತ್ತಾರೆ. ಪ್ರತಿಯೊಡನೆ ತಮ್ಮ ಮೊಬೈಲ್, ಬ್ಯಾಂಕ್ ಖಾತೆಯ ಸಂಖ್ಯೆಗಳೂ ಬರುತ್ತವೆ. ಅವನ್ನು ಮರೆಮಾಡಿ, ಸಂದೇಶ ಕಳಿಸುವುದನ್ನೂ ಬ್ಯಾಂಕಿನ ಸಂಪರ್ಕವನ್ನೂ ಮೊದಲೇ ನಿಲ್ಲಿಸಬೇಕು. ಇಲ್ಲವಾದರೆ ಪರೀಕ್ಷೆಯ ಬಿಲ್ಲು ನಿಜವೆಂಬಂತೆ ತಮ್ಮ ಮೊಬೈಲಿಗೆ ಬಂದೀತು!

ಪ್ರತಿ ತೆಗೆದ ನಂತರ ತೂಗಿದ ಗಾಡಿ ಅದರಲ್ಲಿ ಇರುವುದಿಲ್ಲ. ಪ್ರಯೋಗಕ್ಕೆ ಅದರಿಂದ ಬಾಧೆಯಿಲ್ಲ. ಆದರೆ ನಿಜ ಯಂತ್ರವೇ ಕೆಟ್ಟು, ರಾತ್ರಿಯ ಪ್ರತಿಯಿಂದ ಎಬ್ಬಿಸುವ ಪ್ರಸಂಗ ಬಂದು, ಮುಂದಿನ ನಮೂದುಗಳ ಲಾಗ್ ಕಡತವೂ ಸಿಗದಿದ್ದರೆ, ಹಗಲು ತೂಗಿದ ಗಾಡಿಗೆ ತಮ್ಮಲ್ಲಿಯ ತೂಕದ ಚೀಟಿಯೇ ಸಾಕ್ಷಿ. ಬಿಲ್ಲು ತಾಳೆ ನೋಡುವ ತನಕ ಅದನ್ನು ಅಂಗಿಯ ಕಿಸೆಯಲ್ಲಿಯೇ ಬಿಟ್ಟು ಒಗೆಯಲು ಹಾಕಬೇಡಿರಿ.